ಹತ್ತಿಕಡ್ಡಿ ಹುಡುಕಿದ ತವರು

ಮೊನ್ನೆ ಸೊಸೆ ಕಿವಿಗೆ ಹತ್ತಿಕಡ್ಡಿ ಹಾಕಿಕೊಂಡು ಕೂತಿದ್ದಳು. ನೋಡಿದ್ದೇ ನನ್ನ ಗಲ್ಲ ಉರಿಯಿತು. ನಗಬೇಡಿ, ಕಾರಣವಿದೆ.

ನಮ್ಮವ್ವನಿಗೆ ತವರಿರಲಿಲ್ಲ. ಬೇನೆ ಬಂದು ಊರೂರೇ ಖಾಲಿಯಾದ ಕಾಲದಲ್ಲಿ, ಮೆಣಸಿನಕಾಯಿ ಹೇರಿಕೊಂಡು ಹೊರಟಿದ್ದ ಚಕ್ಕಡಿಯವರು ದಾರಿಯಲ್ಲಿ ಸಿಕ್ಕ ನಾಲ್ಕು ವರ್ಷದ ಅವಳನ್ನು ಬ್ಯಾಡಗಿಗೆ ತಂದು ಸಾಕಿದರು. ಎರಡು ಹೊಳೆ ಕೂಡುವ ಜಾಗ, ಒಂದು ಕಲ್ಲಿನ ಗುಡಿ, ಅವ್ವನಿಗೆ ನೆನಪಿದ್ದದ್ದು ಇಷ್ಟೇ. ಪಂಚಮಿಗೆ ಓಣಿಯ ಹೆಂಗಸರೆಲ್ಲ ತವರಿಗೆ ಹೋಗಿ ಉಡಿ ತುಂಬಿಸಿಕೊಂಡು ಬರುವರು. ಅವ್ವ ಒಲೆ ಮುಂದೆ ಕೂತಿರುವಳು. ನಾನು ಜಗಳಕ್ಕೆ ನಿಂತರೆ ಹುಡುಗಿಯರು, "ನಿಮ್ಮವ್ವ ಎಲ್ಲಿಂದ ಬಂದಾಕಿ, ಹೇಳ ನೋಡೂಣು?" ಅನ್ನುವರು. ನನ್ನ ಬಾಯಿ ಕಟ್ಟುತ್ತಿದ್ದುದು ಅಲ್ಲೊಂದೇ. ಅವ್ವ ಹಾಗೆಯೇ ತೀರಿಕೊಂಡಳು.

ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳುವ ಹೆಳವ ನನ್ನ ಗಂಡನ ಅಜ್ಜ ಮುತ್ತಜ್ಜರನ್ನೆಲ್ಲ ಒದರಿ ಜೋಳ ಒಯ್ಯುತ್ತಿದ್ದ. "ನಮ್ಮವ್ವನ ಅವ್ವ ಯಾರಪಾ?" ಎಂದು ಕೇಳಿದೆ.

"ಹೆಣಮಕ್ಕಳ ಎಳಿ ನಾವು ಹಿಡಿಯೂದಿಲ್ಲಬೇ."

"ಹಂಗಾರ ಅರ್ಧಾ ಜೋಳ ಒಯ್ಯಿ."

ಧಾರವಾಡದಲ್ಲಿ ಜೀವಶಾಸ್ತ್ರ ಓದುತ್ತಿದ್ದ ಮೊಮ್ಮಗಳು ಹಳೆಯ ಜನಗಣತಿ ಹುಡುಕಿ ಹಾವೇರಿ ಕಚೇರಿಗೆ ಅಲೆದಳು. "ತಲಿ ಎಷ್ಟ ಅಂತ ಐತಿ ಆಯಿ, ಯಾರ ತಲಿ ಅಂತ ಇಲ್ಲ." ಆಮೇಲೆ ಗಳಗನಾಥಕ್ಕೆ ಹೋದಳು, ಅಲ್ಲಿ ಹೊಳೆಗಳೂ ಕೂಡುತ್ತವೆ, ಗುಡಿಯೂ ಇದೆ. ಗಂಗವ್ವ ಎಂಬ ಮುದುಕಿ ಸಿಕ್ಕಳು. ಅವಳ ತಾಯಿಯ ತಂಗಿ ಬೇನೆಯ ವರ್ಷ ಕಳೆದುಹೋಗಿದ್ದಳಂತೆ.

ನನ್ನ, ಗಂಗವ್ವನ ಇಬ್ಬರ ಗಲ್ಲದೊಳಗೂ ಹತ್ತಿಕಡ್ಡಿ ಒರೆಸಿ ಡಿಎನ್‌ಎ ಪರೀಕ್ಷೆಗೆ ಕಳಿಸಬೇಕೆಂದಳು ಮೊಮ್ಮಗಳು. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ನಾನು ಹಾಗೇ ಎದ್ದು ಹತ್ತಿಯನ್ನೇ ಹಿಡಿದು ಬಾಯಿಗೆ ಹಾಕಿಕೊಂಡೆ. ಬ್ಯಾಡಗಿಕಾಯಿಗೆ ಖಾರ ಕಡಿಮೆ ಎನ್ನುವವರು ಹೀಗೊಮ್ಮೆ ಮಾಡಿ ನೋಡಲಿ.

"ಕೈ ತೊಳಕೋ ಅಂದಿದ್ದಿಲ್ಲೇನ?" ಎಂದು ಬೈದು, ಮೊಮ್ಮಗಳು ಇನ್ನೊಂದು ಕಡ್ಡಿ ತೆಗೆದಳು.

ಉತ್ತರ ಬಂದ ದಿನ ಅವಳೇ ಓದಿ ಹೇಳಿದಳು. "ಅವ್ವನಿಂದ ಮಗಳಿಗೆ ಬರೂ ಎಳಿ ಇದು. ಇಬ್ರದ್ದೂ ಒಂದ ಐತಿ ಆಯಿ."

ಹೆಳವ ಹಿಡಿಯದ ಎಳೆ! ಇಷ್ಟು ವರ್ಷ ನಾನು ಎಲೆ ಅಡಿಕೆ ಮೆದ್ದ ಬಾಯಿ, ಊರಿಗೆಲ್ಲ ಬೈದ ಬಾಯಿ. ಅದರೊಳಗೇ ಅವ್ವ, ಅವಳವ್ವ, ಅವಳವ್ವನ ಅವ್ವ ಸಾಲಾಗಿ ಕೂತಿದ್ದರು. ಗಲ್ಲದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತೆ. ಗುಡಿಯಲ್ಲೂ ನಾನು ಅಷ್ಟು ಸುಮ್ಮನೆ ಕೂತವಳಲ್ಲ.

ಪಂಚಮಿಗೆ ಗಂಗವ್ವ ರಾಣೆಬೆನ್ನೂರು ಬಸ್ಸಿನಲ್ಲಿ ಖಣ, ಕೊಬ್ಬರಿ ತಂದಳು. "ನಿಮ್ಮವ್ವಗ ತುಂಬಬೇಕಿತ್ತ ಈ ಉಡಿ. ತಡಾ ಆತು."

"ತಡಾ ಆಗಿದ್ದಕ್ಕ ಇನ್ನೊಂದ ಕೊಬ್ಬರಿ ಹಾಕು," ಎಂದೆ. ಇಬ್ಬರೂ ಅತ್ತೆವು.

ಆ ಖಣದ ಕುಪ್ಪಸ ಇವತ್ತೂ ತೊಟ್ಟಿದ್ದೇನೆ, ತೋಳು ಬಿಗಿ. ನಿಮ್ಮವ್ವ ಎಲ್ಲಿಯವಳು ಎಂದು ಯಾರಾದರೂ ಕೇಳಲಿ ಎಂದು ಬಾಗಿಲಲ್ಲೇ ಕೂತಿರುತ್ತೇನೆ. ಕೇಳುತ್ತಿದ್ದವರೆಲ್ಲ ಸತ್ತುಹೋಗಿದ್ದಾರೆ.