ಮಾಸ್ತರನ ದಾಸವಾಳ

ಗಡ್ಡ ಕೆರೆಯುವ ಬ್ಲೇಡನ್ನು ಅದರ ಕಾಗದದ ಸಮೇತ ನಡುವೆ ಮುರಿದರೆ ಎರಡು ಹೋಳಾಗುತ್ತದೆ. ಒಂದು ಹೋಳು ವಿದ್ಯಾರ್ಥಿಗೆ, ಒಂದು ಮಾಸ್ತರನಿಗೆ. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳುತ್ತ ನಿವೃತ್ತನಾಗುವವರೆಗೆ ಆ ಅರೆಬ್ಲೇಡಿನಿಂದ ನಾನು ಸೀಳಿದ ದಾಸವಾಳಗಳಿಗೆ ಲೆಕ್ಕವಿಲ್ಲ. ದಳ, ಕೇಸರನಾಳ, ಅಂಡಾಶಯ, ಆ ಹೂವಿನ ಒಡಲಿನ ಯಾವ ಮೂಲೆಯೂ ನನಗೆ ಅಪರಿಚಿತವಲ್ಲ. ಆದರೆ ಮಿತ್ರರೇ, ಹೂವನ್ನು ಕೊಯ್ದು ಬಲ್ಲವನಿಗೆ ಅದನ್ನು ಬೆಳೆಸಲು ಬಂದೇ ಬರುತ್ತದೆ ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ನಮ್ಮ ಮನೆಯ ಕುಂಡದಲ್ಲಿದ್ದ ಕೆಂಪು ದಾಸವಾಳ ಅವ್ವನದು. ಹಳೆಯ ಬಾಗಲಕೋಟೆಯ ಮನೆಯನ್ನು ಅಣೆಕಟ್ಟಿನ ಹಿನ್ನೀರಿಗೆ ಬಿಟ್ಟು ಬರುವಾಗ ಉಳಿದವರೆಲ್ಲ ಬಾಗಿಲು, ಜಂತಿ, ಹಂಡೆಗಳನ್ನು ಹೇರುತ್ತಿದ್ದರೆ ಆಕೆ ಅಂಗಳದ ಗಿಡದಿಂದ ಒಂದು ಟೊಂಗೆ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಉಡಿಯಲ್ಲಿಟ್ಟುಕೊಂಡು ಬಂದಿದ್ದಳು. ಮುಳುಗಿದ ಆ ಮನೆಯಿಂದ, ಈಗ ಇಲ್ಲದ ಅವ್ವನಿಂದ, ನನಗೆ ಜೀವಂತವಾಗಿ ಉಳಿದದ್ದು ಅದೊಂದೇ. ಅದರ ಆರೈಕೆಯನ್ನು ನನ್ನ ಹೆಂಡತಿ ಶಾಂತಾ ನೋಡಿಕೊಳ್ಳುತ್ತಿದ್ದಳು, ಲ್ಯಾಟಿನ್ ಹೆಸರನ್ನು ನಾನು ನೋಡಿಕೊಳ್ಳುತ್ತಿದ್ದೆ.

ಮಗಳ ಬಾಣಂತನಕ್ಕೆಂದು ಇಳಕಲ್ಲಿಗೆ ಹೊರಟು ನಿಂತ ಶಾಂತಾ, "ಗಿಡಕ್ಕ ನೀವೇನೂ ಮಾಡಬ್ಯಾಡ್ರಿ. ಬಿಸಲಾಗ ಇರ್ಲಿ. ಮ್ಯಾಲಿನ ಮಣ್ಣು ಒಣಗಿದ್ರ ಅಷ್ಟ ನೀರು ಹಾಕ್ರಿ" ಎಂದಳು. ಏನೂ ಮಾಡದೆ ಇರುವುದು ಮಾಸ್ತರಿಕೆ ಮಾಡಿದವನಿಗೆ ಬಲು ಕಠಿಣ. ಮೇಲಾಗಿ ನಮ್ಮದು ಬೇವೂರು ಕಡೆಯ ಎರೆಹೊಲದ ಮನೆತನ. ಚಳಿಗಾಲದ ಬರೀ ತೇವದಲ್ಲಿ ಜೋಳ, ಕಡಲೆ ಬೆಳೆಯುವ ಆ ಕರಿಮಣ್ಣಿನ ಅಭಿಮಾನ ಎಷ್ಟೆಂದರೆ, ಕೆಂಪು ಮಸಾರಿ ಹೊಲದವರಿಗೆ ಹೆಣ್ಣು ಕೊಡಬೇಕಾದರೆ ನಮ್ಮಜ್ಜ ಎರಡು ಸಲ ಯೋಚಿಸುತ್ತಿದ್ದನಂತೆ. ಅಂಥವನ ಮೊಮ್ಮಗನ ಮನೆಯಲ್ಲಿ ಅವ್ವನ ಗಿಡ ಮಸಾರಿ, ಉಸುಕು, ಸಗಣಿಗೊಬ್ಬರದ ಕಲಬೆರಕೆಯಲ್ಲಿ ನಿಂತಿರುವುದೇ? ಬೇವೂರಿನಿಂದ ಒಂದು ಚೀಲ ಎರೆಮಣ್ಣು ತಂದೆ, ಕುಂಡ ಬರಿದು ಮಾಡಿ ಅದನ್ನು ತುಂಬಿದೆ, ಕೈಯಾರೆ ಒತ್ತಿ ಗಟ್ಟಿ ಮಾಡಿ ದಿನಾ ನೀರು ಹಾಕಿದೆ.

ಹೊಲದ ದೇವರು ಕುಂಡದಲ್ಲಿ ದೆವ್ವವಾಯಿತು. ಕುಡಿದ ನೀರನ್ನು ಎರೆಮಣ್ಣು ಕೆಳಗೆ ಬಿಡಲೇ ಇಲ್ಲ. ಎಲೆ ಹಳದಿಯಾದವು, ಮೊಗ್ಗುಗಳು ಅರಳುವ ಮೊದಲೇ ಉದುರಿದವು. ಬೇರಿಗೂ ಉಸಿರು ಬೇಕು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದ ಈ ಮಹಾಶಯ, ಪಾಪ, ಬಾಯಾರಿಕೆ ಇರಬೇಕೆಂದು ಮತ್ತೊಂದು ತಂಬಿಗೆ ಸುರಿದ. ಫೋನಿನಲ್ಲಿ ಶಾಂತಾ "ಗಿಡ ಹೆಂಗೈತ್ರಿ?" ಎಂದಾಗಲೆಲ್ಲ "ಆರಾಮ ಐತಿ" ಎನ್ನುತ್ತಿದ್ದೆ. ಕೊನೆಗೊಂದು ದಿನ ಬುಡ ಹಿಚುಕಿದರೆ ಮೆತ್ತಗಿತ್ತು, ಕೊಳೆತುಹೋಗಿತ್ತು. ಆ ದಿನ ನಗು ಬರಲಿಲ್ಲ. ಅವ್ವ ಉಡಿಯಲ್ಲಿ ತಂದದ್ದನ್ನು ನಾನು ಅಭಿಮಾನದಿಂದ ಕೊಂದಿದ್ದೆ.

ಐದು ತಿಂಗಳ ಮೇಲೆ ಇಳಕಲ್ಲಿನಿಂದ ಬಂದ ಶಾಂತಾ ಚೀಲ ಇಳಿಸುವ ಮೊದಲೇ ಕುಂಡದಲ್ಲಿ ಬೆರಳು ಊರಿ ನೋಡಿದಳು.

"ಬೇವೂರಿಂದೇನ್ರಿ ಮಣ್ಣು?"

ನಾನು ಹೂಂ ಎಂದೆ. ಆಕೆ ಬೈಯಲಿಲ್ಲ, ಗೋಡೆಯ ಬಳಿ ಹೋಗಿ ಪಕ್ಕದ ಮನೆಯ ಹಸೀನಾಳನ್ನು ಕರೆದಳು. ಹಳೆಯ ಊರಿನಲ್ಲೂ ನಮ್ಮ ನೆರೆಯಲ್ಲೇ ಇದ್ದ ಮನೆಯವಳು. ಹಸೀನಾ ಬುಡಕ್ಕೆ ತೂತು ಬಿದ್ದ ಬಕೆಟ್ಟೊಂದನ್ನು ಎತ್ತಿಕೊಂಡು ಬಂದಳು. ಅದರಲ್ಲಿ ಮೊಣಕಾಲುದ್ದದ ದಾಸವಾಳ, ತುದಿಯಲ್ಲೊಂದು ಮೊಗ್ಗು.

"ಅಕ್ಕಾರು ಇಳಕಲ್ಲಿಗೆ ಹೋಗೂ ಮುಂದ ಒಂದು ಟೊಂಗಿ ಕೊಟ್ಟು ಹೋಗಿದ್ರು ಸರ. 'ಸರ ಒಬ್ರ ಇರ್ತಾರ, ಗಿಡದ ಗತಿ ಹೇಳಾಕ ಬರಂಗಿಲ್ಲ' ಅಂದಿದ್ರು" ಎಂದು ಹಸೀನಾ ಸೆರಗಿನಲ್ಲಿ ನಕ್ಕಳು.

ಇಷ್ಟು ವರ್ಷದ ದಾಂಪತ್ಯದಲ್ಲಿ ನನ್ನ ಮೇಲಿನ ಅಪನಂಬಿಕೆಗೆ ನಾನು ಅಷ್ಟು ಕೃತಜ್ಞನಾದದ್ದು ಅದೇ ಮೊದಲು. ಕಣ್ಣು ಒದ್ದೆಯಾದವು.

ಬಕೆಟ್ಟು ಮತ್ತೆ ಹಸೀನಾಳ ಅಂಗಳಕ್ಕೇ ಹೋಯಿತು. ಅಲ್ಲಿ ಆ ಗಿಡ ಬಲಿತು ಟೊಂಗೆಯೊಡೆದ ಮೇಲೆ ಶಾಂತಾ ಬ್ಲೇಡು ಕೇಳಿದಳು. ಮುರಿದು ಅರ್ಧ ಕೊಡಹೋದರೆ, "ನೀವ ಕೊಯ್ರಿ" ಎಂದಳು. ಪೆನ್ಸಿಲ್ ದಪ್ಪದ ಟೊಂಗೆಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕೊಯ್ದೆ, ಕೆಳಗಿನ ಎಲೆ ತೆಗೆದೆ, ಮಸಾರಿಗೆ ಉಸುಕು, ಗೊಬ್ಬರ ಬೆರೆಸಿ ನೆಟ್ಟೆ. ಜನ್ಮದಲ್ಲಿ ಮೊದಲ ಸಲ ಆ ಬ್ಲೇಡು ದಾಸವಾಳಕ್ಕೆ ಒಳ್ಳೆಯದು ಮಾಡಿತು. ಚಿಗುರು ಬಂದಿದೆ. ದಿನಾ ಬೆಳಿಗ್ಗೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಭಾರೀ ಕಷ್ಟಪಟ್ಟು, ಏನೂ ಮಾಡದೆ ಇರುತ್ತೇನೆ. ಬಕೆಟ್ಟಿನ ತಾಯಿಗಿಡವನ್ನು ಮಾತ್ರ ಶಾಂತಾ ಇನ್ನೂ ಹಸೀನಾಳ ಅಂಗಳದಿಂದ ತಂದಿಲ್ಲ.