ಯಂತ್ರವಲ್ಲ, ಚಿತ್ರ

1946ರಲ್ಲಿ ನಾನು ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಊರು ತಿಕೋಟಾ, ಕಲಿತದ್ದು ಮುಂಬೈಯಲ್ಲಿ. ಯುರೋಪಿನ ಕೆಲವು ಕಲಾವಿದರು ಆ ಶತಮಾನದ ಆರಂಭದಲ್ಲೇ ಮನುಷ್ಯ, ಮರ, ಮನೆಗಳನ್ನು ಬಿಟ್ಟು ಬರೀ ಗೆರೆ, ಚೌಕ, ತ್ರಿಕೋನಗಳಿಂದ ಚಿತ್ರ ಕಟ್ಟತೊಡಗಿದ್ದರು. ಅದಕ್ಕೆ ಜಾಮಿಟ್ರಿಕ್ ಆಬ್‌ಸ್ಟ್ರಾಕ್ಷನ್ ಎನ್ನುತ್ತಾರೆ. ಆ ಹುಚ್ಚು ನನಗೂ ಹಿಡಿದಿತ್ತು.

ಆ ವರ್ಷ ಡ್ರಾಯಿಂಗ್ ತಾಸು ತೆಗೆದು ಗಣಿತಕ್ಕೆ ಕೊಡುವ ಮಾತು ಆಡಳಿತ ಮಂಡಳಿಯಲ್ಲಿ ನಡೆದಿತ್ತು. ತಾಸು ಹೋದರೆ ನನ್ನ ನೌಕರಿಯೂ ಹೋದಂತೆಯೇ. ಚಿತ್ರ ಪ್ರದರ್ಶನ ನೋಡಿ ತೀರ್ಮಾನಿಸೋಣ ಎಂದರು ಚೇರ್ಮನ್ನರು. ಅವರು ಬಬಲೇಶ್ವರದ ಕಡೆಯ ಅರಳೆ ವ್ಯಾಪಾರಿ. ಸಿದ್ಧೇಶ್ವರ ಗುಡಿಯ ಹತ್ತಿರವೇ ಮನೆ, ದೊಡ್ಡ ಭಕ್ತರು. ಹುಡುಗರು ಬರೆದ ಹೂಕುಂಡ, ಗೋಳಗುಮ್ಮಟಗಳ ನಡುವೆ ನನ್ನದೂ ಒಂದು ಎಣ್ಣೆಬಣ್ಣದ ಚಿತ್ರ ತೂಗುಹಾಕಿದೆ. ಹಳದಿ ನೆಲ, ಮೇಲೆ ಎಡಕ್ಕೆ ದಪ್ಪ ಕರಿ ತ್ರಿಕೋನ, ಕೆಳಗೆ ಬಲಮೂಲೆಯಲ್ಲಿ ಸಣ್ಣ ಕೆಂಪು ಚೌಕ. ಇಂಥ ಹೊತ್ತಿನಲ್ಲಿ ಅದು ಬೇಕಿತ್ತೇ ಎಂದರೆ, ಹರೆಯದ ಉಮೇದು.

ಉದ್ಘಾಟನೆಗೆ ಬಂದ ಚೇರ್ಮನ್ನರು ಅದರ ಮುಂದೆ ನಿಂತವರೇ ಚಪ್ಪಲಿ ಬಿಟ್ಟರು. ಆರತಿ ತಾಟಿನ ಕುಂಕುಮ ತೆಗೆದು ಹಳದಿಯ ನಡುವೆ ಬೊಟ್ಟಿಟ್ಟು ಕೈಮುಗಿದರು.

"ಯಾವ ದೇವರ ಯಂತ್ರರೀ ಮಾಸ್ತರ? ಬಾಳ ಕಳೆ ಐತಿ."

ಪೂಜೆಗಿಡುವ ಯಂತ್ರಗಳಲ್ಲೂ ಇಂಥವೇ ತ್ರಿಕೋನ, ಚೌಕಗಳಿರುತ್ತವೆ. ಹೌದೆಂದು ಯಾವುದೋ ದೇವರ ಹೆಸರು ಹೇಳಿದ್ದರೆ ತಾಸೂ ಉಳಿಯುತ್ತಿತ್ತು, ನಾನೂ ಉಳಿಯುತ್ತಿದ್ದೆ. ಹೆಡ್‌ಮಾಸ್ತರರು ಕಣ್ಣಲ್ಲೇ 'ಹೂಂ ಅನ್ನು' ಎಂದರು. ನಾನು ಚೇರ್ಮನ್ನರ ಕಡೆ ತಿರುಗಿದೆ.

"ಯಂತ್ರ ಅಲ್ಲರಿ ಸಾಹುಕಾರ್ರ. ಬರೇ ಬಣ್ಣ, ಬರೇ ಆಕಾರ."

ಅವರ ಮುಖ ಬಿಗಿಯಿತು. "ಹಂಗಾರ ಇದನ್ನ ಕಲಿಸಾಕ ಒಂದು ತಾಸು ಯಾಕ ಬೇಕು? ತಗೀರಿ ಕೆಳಗ."

"ತಗೀತೇನ್ರಿ. ಅದಕ್ಕೂ ಮೊದಲ ಒಂದ್ಸಲ ಆ ಕೆಂಪು ಚೌಕ ಅಂಗೈಲೆ ಮುಚ್ಚಿ ನೋಡ್ರಿ."

ಏನನ್ನಿಸಿತೋ, ಮುಚ್ಚಿದರು. ತೆಗೆದರು. ಮತ್ತೆ ಮುಚ್ಚಿದರು. ಜೀವಮಾನವೆಲ್ಲ ತಕ್ಕಡಿ ನೋಡಿದ ಕಣ್ಣು ಅದು.

"ಮುಚ್ಚಿದ್ರ ಕರೀದು ಒಂದ ಕಡೆ ಜಗ್ಗತೈತಿ. ಕೈ ತಗದ್ರ ತೂಕ ಸಮ ಆಗತೈತಿ," ಎಂದು ತಮ್ಮಷ್ಟಕ್ಕೇ ಅಂದುಕೊಂಡು, ಹಿಂದೆ ಸರಿದು ಬಹಳ ಹೊತ್ತು ನೋಡಿದರು. ಆಮೇಲೆ ಮುಂದೆ ಬಂದು, "ಈ ಕುಂಕುಮ ಇಲ್ಲಿ ಹೆಚ್ಚಾತು," ಎಂದವರೇ ತಾವಿಟ್ಟ ಬೊಟ್ಟನ್ನು ಧೋತರದ ಚುಂಗಿನಿಂದ ತಾವೇ ಒರೆಸಿದರು. ಗಣಿತದ ಮಾತು ಮತ್ತೆ ಎತ್ತಲಿಲ್ಲ.

ಚಿತ್ರವನ್ನು ಉಳಿಸಲು ಸುಳ್ಳು ಹೇಳಬೇಕಿಲ್ಲ, ನೋಡುವವರನ್ನು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಾಕು ಎಂಬುದನ್ನು ನೌಕರಿ ನನಗೆ ಕಲಿಸಿತು. ಮುಂದೆ ಬಹುಮಾನಗಳೂ ಬಂದವು, ಶಾಲುಗಳೂ ಬಂದವು. ಅವನ್ನೆಲ್ಲ ಮನೆಯವರು ತೋರಿಸುತ್ತಾರೆ. ನಾನು ಎದೆಯುಬ್ಬಿಸಿ ಹೇಳುವುದು ಮಾತ್ರ, ಅಷ್ಟು ದೊಡ್ಡ ಭಕ್ತರು ನನ್ನ ಚಿತ್ರಕ್ಕಾಗಿ ಒರೆಸಿದ ಆ ಕುಂಕುಮದ ಮಾತನ್ನೇ.