ಉಗುರಿಗೆ ಹಚ್ಚಿದ ಸಿಮೆಂಟು

ನನ್ನ ಆರು ವರ್ಷದ ಮಗಳು ಸೃಷ್ಟಿ ಈಚೆಗೆ ಗೋಕಾಕದಲ್ಲಿ ಹಲ್ಲಿನ ಡಾಕ್ಟರ ಬೆರಳು ಕಚ್ಚಿ ಬಂದಳು.

ಅವಳ ಕೆಳದವಡೆಯ ಹಾಲುಹಲ್ಲು ಹುಳುಕಾಗಿತ್ತು. (ಊರು ಗೋಕಾಕ, ಅಜ್ಜಿಯ ಡಬ್ಬಿಯಲ್ಲಿ ಕರದಂಟು ಖಾಲಿಯಾಗುವುದೇ ಇಲ್ಲ. ಇನ್ನೇನಾದೀತು?) ಬೀಳುವ ಹಲ್ಲಿಗೆ ಇಷ್ಟೆಲ್ಲ ಯಾಕೆ, ಕಿತ್ತು ಒಗೆಯಿರಿ ಎಂದಳು ನನ್ನ ಅವ್ವ. ಆದರೆ ಅದು ತಾನಾಗಿ ಬೀಳಲು ಇನ್ನೂ ನಾಲ್ಕೈದು ವರ್ಷ ಬೇಕು. ಈಗಲೇ ಕಿತ್ತರೆ ಪಕ್ಕದ ಹಲ್ಲು ವಾಲಿ, ಮುಂದೆ ಬರುವ ಹಲ್ಲು ಸೊಟ್ಟಾಗಬಹುದು. ಕಚ್ಚಿಸಿಕೊಂಡ ಡಾಕ್ಟರೇ ಇಷ್ಟು ತಿಳಿಹೇಳಿ, ಮೂಡಲಗಿಯ ಮಕ್ಕಳ ಹಲ್ಲಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ನಾನು ಸುಮ್ಮನಿರುತ್ತೇನೆಯೇ? ಮೊಬೈಲಿನಲ್ಲಿ ಓದಿ ಫಿಲ್ಲಿಂಗ್ ಪಂಡಿತನಾದೆ. (ಸ್ವತಃ ಎರಡು ವರ್ಷದಿಂದ ಬಲದವಡೆಗೆ ಲವಂಗ ಒತ್ತಿಕೊಂಡು ಓಡಾಡುವವನು, ಅದು ಬೇರೆ ಮಾತು.) ಮೂಡಲಗಿಯ ಡಾಕ್ಟರನ್ನು ಪಂಪ್‌ಸೆಟ್ ಕೊಳ್ಳಲು ಬಂದವನ ಹಾಗೆ ಕೇಳಿದೆ. "ಮೇಡಂ, ಯಾವುದು ಗಟ್ಟಿ ಐತಿ, ಅದನ್ನ ಹಾಕ್ರಿ."

ಹುಕ್ಕೇರಿ ಕಡೆಯ ಆ ಹೆಣ್ಣುಮಗಳು ನಕ್ಕರು. ಹಲ್ಲಿಗೆ ತುಂಬುವ ಸಿಮೆಂಟು ಬಾಯಿಯ ತೇವಕ್ಕೆ ಅಷ್ಟಾಗಿ ಹೆದರುವುದಿಲ್ಲ, ಕೆಲಸ ಬೇಗ ಮುಗಿಯುತ್ತದೆ, ಆದರೆ ಸವೆಯುತ್ತದೆ. ಹಲ್ಲಿನ ಬಣ್ಣದ ಕಾಂಪೋಸಿಟ್ ಚೆಂದ, ಗಟ್ಟಿ. ಆದರೆ ಹಾಕುವಾಗ ಹಲ್ಲು ಒಣಗಿರಬೇಕು, ಮಗು ಅಲುಗಾಡಬಾರದು. ಹುಳುಕು ದೊಡ್ಡದಿದ್ದರೆ ಇಡೀ ಹಲ್ಲಿಗೆ ತೊಡಿಸುವ ಸ್ಟೀಲ್ ಟೋಪಿಗೇ ಬಾಳಿಕೆ ಹೆಚ್ಚು.

"ಸಾಮಾನು ಎಷ್ಟ ಚಲೋ ಇದ್ರೂ, ಮೊದಲ ಬಾಯಿ ತೆಗೀಬೇಕಲ್ರಿ" ಎಂದವರೇ ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು.

ಬಾಯಿಯ ಸುದ್ದಿಯನ್ನೇ ಎತ್ತಲಿಲ್ಲ. ಕೈ ಚಾಚು ಎಂದರು. ಒಂದು ಉಗುರಿಗೆ ಸಿಮೆಂಟು ಹಚ್ಚಿದರು. ಇನ್ನೊಂದಕ್ಕೆ ಕಾಂಪೋಸಿಟ್ ಹಚ್ಚಿ ನೀಲಿ ಲೈಟ್ ಹಿಡಿದರು. ಕಿರುಬೆರಳ ತುದಿಗೆ ಪುಟ್ಟ ಸ್ಟೀಲ್ ಟೋಪಿ ಇಟ್ಟರು. ಯಾವುದು ಹೇಗಿದೆ ಎಂದು ಶನಿವಾರ ಬಂದು ನೀನೇ ಹೇಳಬೇಕು ಎಂದು ಕಳಿಸಿಬಿಟ್ಟರು. ಇದೆಂಥ ಚಿಕಿತ್ಸೆ ಎಂದು ನಾನು ದಾರಿಯುದ್ದಕ್ಕೂ ಗೊಣಗಿದೆ.

ನಾಲ್ಕು ದಿನ ಇಡೀ ಶಾಲೆ ಅವಳ ಉಗುರು ನೋಡಿತು. ಶನಿವಾರ ಯಾರೂ ಹೇಳದೆ ತಾನೇ ಕುರ್ಚಿ ಹತ್ತಿ ವರದಿ ಒಪ್ಪಿಸಿದಳು. ಸಿಮೆಂಟು ರೊಟ್ಟಿ ಮುರಿಯುವಾಗ ಉದುರಿತು, ಬಿಳಿಯದು ಅರ್ಧ ಉಳಿದಿದೆ, ಟೋಪಿ ಪೆನ್ಸಿಲ್ ಡಬ್ಬಿಯಲ್ಲಿ ಭದ್ರವಾಗಿದೆ, ಹಲ್ಲಿಗೆ ಅಂಥದೇ ಬೇಕು! ಚೀಟಿಯಲ್ಲಿ ಹುಳುಕಿನ ವಿವರ ಓದಿದ್ದ ಡಾಕ್ಟರ ಮನಸ್ಸಿನಲ್ಲೂ ಅದೇ ಇತ್ತಂತೆ. ಉಗುರು ಬೇರೆ, ಹಲ್ಲು ಬೇರೆ ಎಂದು ಅವರಿಗೆ ಗೊತ್ತಿಲ್ಲವೇ? ಅವರಿಗೆ ಬೇಕಿದ್ದದ್ದು ಮಗುವಿನ ಒಪ್ಪಿಗೆ. ಬಾಯಿ ತೆರೆಯಿತು. ಯಾರೂ ಕೈಕಾಲು ಹಿಡಿಯಲಿಲ್ಲ. ಹಲ್ಲಿಗೆ ಹೊಸ ಟೋಪಿ ಕೂತಿತು.

ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ.

"ನಾ ಸಣ್ಣಾಕಿ ಇದ್ದಾಗ ನಾಕ ಮಂದಿ ಅದುಮಿ ಹಿಡಿದು ನನ್ನ ಹಲ್ಲ ಕಿತ್ತಿದ್ರರಿ. ಅವತ್ತ ನನ್ನ ಯಾರೂ ಒಂದ ಮಾತ ಕೇಳಿರಲಿಲ್ಲ."

ಅಂದಿನ ನೋವನ್ನು ಈ ಹೆಣ್ಣುಮಗಳು ಎಂಥ ಒಳ್ಳೆಯ ಕೆಲಸಕ್ಕೆ ಹಚ್ಚಿದ್ದಾರೆ! ಕೈಮುಗಿದು ಹೊರಬಂದೆ.

ಗೋಕಾಕದ ಬಸ್ಸಿನಲ್ಲಿ ಅಭ್ಯಾಸಬಲದಿಂದ ಲವಂಗ ತೆಗೆದು ದವಡೆಗೆ ಒತ್ತಿಕೊಂಡೆ. ಮಗಳು ನೋಡಿದಳು. ಪೆನ್ಸಿಲ್ ಡಬ್ಬಿ ತೆಗೆದು, ಆ ಟೋಪಿಯನ್ನು ನನ್ನ ಕಿರುಬೆರಳ ಮೇಲಿಟ್ಟಳು.

"ಅಪ್ಪಾ, ನಾಕ ದಿನ ಇಟಗೋ. ಅಂಜಿಕಿ ಹೋಗತೈತಿ."

ಮಕ್ಕಳ ಡಾಕ್ಟರು ನಲವತ್ತೆರಡು ವರ್ಷದ ಮಗುವನ್ನೂ ನೋಡುತ್ತಾರೆಯೇ?